ಕಣ್ಮುಚ್ಚಿ ಮಿಠಾಯಿಯ ಅಮ್ಮ

ನಮ್ಮ ಅಂಗಡಿಗೆ ಬಂದವರು ಒಂದು ಕಣ್ಮುಚ್ಚಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಮುಖ ಕಿವುಚಿ, ಕಣ್ಣು ಬಿಗಿಯಾಗಿ ಮುಚ್ಚಿ, ಭುಜ ಕಿವಿಯವರೆಗೆ ಏರಿಸುತ್ತಾರೆ. ಹುಳಿ ಕರಗಿ ಸಿಹಿ ಸಿಕ್ಕಿದ ಮೇಲೆ ಕಣ್ಣೊರೆಸಿಕೊಂಡು, "ಎಷ್ಟು ಪ್ರೀತಿಯಿಂದ ಮಾಡ್ತೀರಮ್ಮಾ!" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಪ್ರೀತಿಯಂತೆ, ಪ್ರೀತಿ! ಈ ಮಿಠಾಯಿ ಹುಟ್ಟಿದ್ದು ನನ್ನ ಅಮ್ಮನ ಹೆದರಿಕೆಯಲ್ಲಿ. ಅಪ್ಪ ಬಾಗಿಲಲ್ಲಿ ಬೆಲ್ಟು ಬಿಚ್ಚಿಕೊಂಡು ನಿಂತಿದ್ದ ಹೊತ್ತಿನಲ್ಲಿ.

ಹುಳಿ ಮಿಠಾಯಿ ಮೊದಲು ಮಿಠಾಯಿಯೇ ಆಗಿರಲಿಲ್ಲ, ಮದ್ದಾಗಿತ್ತು ಎಂದು ಅಜ್ಜ ಹೇಳುತ್ತಿದ್ದ. ಗಂಟಲು ಕಟ್ಟಿದವರಿಗೆ ಔಷಧಿ ಅಂಗಡಿಯವರು ಸಕ್ಕರೆ ಪಾಕಕ್ಕೆ ನಿಂಬೆರಸ ಬೆರೆಸಿ, ಗುಳಿಗೆ ಮಾಡಿ ಕೊಡುತ್ತಿದ್ದರಂತೆ. ಕಾಯಿಲೆ ಇಲ್ಲದವರೂ ಬೇಕೆಂದೇ ಕೆಮ್ಮಿಕೊಂಡು ಬರತೊಡಗಿದಾಗ ಯಾರೋ ಬುದ್ಧಿವಂತ ಅದನ್ನು ಮಿಠಾಯಿ ಅಂಗಡಿಗೆ ತಂದ. ಅಜ್ಜನ ಅಪ್ಪ ಬುಟ್ಟಿಗಟ್ಟಲೆ ನಿಂಬೆಹಣ್ಣು ಹಿಂಡುತ್ತಿದ್ದ. ಉಗುರಿನ ಸುತ್ತ ಚರ್ಮ ಎದ್ದು, ಊಟಕ್ಕೆ ಕೂತರೆ ಉಪ್ಪು ತಾಗಿ ಅಳುತ್ತಿದ್ದನಂತೆ. ಅಜ್ಜನ ಕಾಲಕ್ಕೆ ಡಬ್ಬಿಯಲ್ಲಿ ನಿಂಬೆ ಉಪ್ಪು ಬಂತು. ಹರಳು ಹರಳಾದ ಬಿಳಿ ಪುಡಿ, ಚಿಟಿಕೆಯಷ್ಟು ನಾಲಿಗೆಗೆ ತಾಗಿದರೆ ಹಲ್ಲು ಜುಂ ಎನ್ನಬೇಕು. ಸಿಹಿಗೆ ಮುಖಸ್ತುತಿಯ ಚಾಳಿ, ಎಲ್ಲರ ಬೆನ್ನು ಸವರುತ್ತದೆ. ಹುಳಿ ಹಾಗಲ್ಲ, ಮೊದಲು ಕೆನ್ನೆಗೆ ಬಾರಿಸಿ ಆಮೇಲೆ ಮಾತಾಡಿಸುತ್ತದೆ. ಆದರೂ ಜನ ಮತ್ತೆ ಕೈಚಾಚುತ್ತಾರೆ. ಹುಳಿಯ ದೊಡ್ಡಸ್ತಿಕೆ ಅದು, ನಾನು ಅದಕ್ಕೆ ಸೋತವಳು.

ನಮ್ಮ ಮನೆಯ ಮುಂಭಾಗ ಅಂಗಡಿ, ಹಿಂಭಾಗ ಪಾಕದ ಕೋಣೆ, ಅಟ್ಟದ ಮೇಲೆ ನಾವು. ಪಾಕದ ಕೋಣೆಯಲ್ಲಿ ಒಲೆ, ಒಲೆಯ ಮೇಲೆ ಎರಡು ಹಿಡಿಯ ತಾಮ್ರದ ಬಾಣಲೆ, ಪಾಕ ಸುರಿಯಲು ಎಣ್ಣೆ ಸವರಿದ ಕಲ್ಲುಹಾಸು, ಗೋಡೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ. ಅರೆ ಆರಿದ ಪಾಕದ ಮುದ್ದೆಯನ್ನು ಕೊಕ್ಕೆಗೆ ಎಸೆದು, ಎಳೆದು, ಮಡಚಿ, ಮತ್ತೆ ಎಸೆಯುವುದು ಅಪ್ಪನ ಕೆಲಸ. ಅದರಿಂದ ಅವನ ತೋಳು ಮರದ ಕೊರಡಿನಂತಿತ್ತು. ಆ ತೋಳಿನ ರುಚಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆದ. ಕಡಿಮೆಯಾದರೂ ಹೊಡೆದ. "ದಂಡಂ ದಶಗುಣಂ" ಎನ್ನುವುದು ಅವನಿಗೆ ಗೊತ್ತಿದ್ದ ಒಂದೇ ಶಾಸ್ತ್ರ. ಹೊಡೆದಾದ ಮೇಲೆ ಒಂದು ಮಿಠಾಯಿಯನ್ನು ತಂದು ಅಮ್ಮನ ಒಡೆದ ತುಟಿಯ ನಡುವೆ ತುರುಕಿ, "ಆಯ್ತು ಬಿಡು, ಮುಖ ಊದಿಸ್ಕೋಬೇಡ" ಎನ್ನುತ್ತಿದ್ದ. ಹುಳಿ ಗಾಯಕ್ಕೆ ತಾಗಿ ಅಮ್ಮ ನರಳಿದರೆ ನಗುತ್ತಿದ್ದ.

ಪಕ್ಕದ ಅಂಗಡಿ ದರ್ಜಿಯದು. ನಡುವೆ ಇದ್ದದ್ದು ಒಂದಿಟ್ಟಿಗೆ ದಪ್ಪದ ಗೋಡೆ. ಈಚೆ ಅಮ್ಮ ಕಿರುಚಿದರೆ ಆಚೆ ಹೊಲಿಗೆ ಯಂತ್ರ ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಇನ್ನೂ ಜೋರಾಗಿ ಓಡುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆ ಕಟ್ಟಿದವನು ನನ್ನ ಕೈಗೆ ಸಿಕ್ಕಿದ್ದರೆ, ಅವನನ್ನು ನಮ್ಮ ಮನೆಯಲ್ಲಿ ಒಂದು ಊಟಕ್ಕೆ ಕೂರಿಸುತ್ತಿದ್ದೆ.

ಆದರೆ ಅಪ್ಪನೂ ಮೀರದ ಕಟ್ಟಳೆ ಒಂದಿತ್ತು. ಪಾಕದ ಬಾಣಲೆ ಕೈಯಲ್ಲಿದ್ದವರನ್ನು ಯಾರೂ ಮುಟ್ಟಬಾರದು. ಅವರ ಹತ್ತಿರ ಸುಳಿಯಬಾರದು, ಗದರಬಾರದು, ಹಿಂದಿನಿಂದ ಕರೆಯಲೂಬಾರದು. ಅಜ್ಜನ ತಮ್ಮ ಚಿಕ್ಕವನಿದ್ದಾಗ ಆಟದಲ್ಲಿ ಯಾರೋ ತಳ್ಳಿ, ಕುದಿಯುವ ಪಾಕ ಎದೆಯ ಮೇಲೆ ಬಿದ್ದು ಸತ್ತಿದ್ದ. ಬಿಸಿನೀರು ಬಿದ್ದರೆ ಹರಿದು ಹೋಗುತ್ತದೆ. ಪಾಕ ಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ, ಕಿತ್ತರೆ ಚರ್ಮವೂ ಜೊತೆಗೇ ಬರುತ್ತದೆ. ಅಂದಿನಿಂದ ಅಜ್ಜನಿಗೆ ಆ ಕಟ್ಟಳೆ ದೇವರಿಗಿಂತ ಹೆಚ್ಚು. ಅಪ್ಪ ಹುಡುಗನಾಗಿದ್ದಾಗ ಒಮ್ಮೆ ಅದನ್ನು ಮೀರಿದ್ದಕ್ಕೆ ಅಜ್ಜ ಅವನನ್ನು ಮರದ ಸಟ್ಟುಗದಿಂದ ಬಾರಿಸಿ ರಕ್ತ ಬರಿಸಿದ್ದನಂತೆ. ಅಜ್ಜನ ಮೇಲೆ ನನಗೆ ಈಗಲೂ ಸಿಟ್ಟಿದೆ. ಪಾಕ ಚೆಲ್ಲಬಾರದೆಂದು ಕಟ್ಟಳೆ ಮಾಡಿದವನು, ಸೊಸೆಯ ಮೂಗು ಒಡೆಯಬಾರದೆಂದು ಯಾಕೆ ಮಾಡಲಿಲ್ಲ?

ಅಮ್ಮ ಆ ಕಟ್ಟಳೆಯಲ್ಲಿ ತನಗೊಂದು ಜಾಗ ಕಂಡುಕೊಂಡಳು. ಅವಳು ಮದುವೆಯಾಗಿ ಬಂದ ಹೊಸದು. ಏನೋ ತಪ್ಪಿಗೆ ಅಪ್ಪ ಬೆಲ್ಟು ಬಿಚ್ಚಿದ. ಅಮ್ಮ ಓಡಿ ಪಾಕದ ಕೋಣೆಗೆ ಬಂದಳು. ಅಜ್ಜ ಸೊಂಟ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದ. ಒಲೆಯ ಮೇಲೆ ಪಾಕ ಹದಕ್ಕೆ ಬಂದಿತ್ತು. ಅಮ್ಮ ಹಿಡಿಗೆ ಬಟ್ಟೆ ಸುತ್ತಿ ಬಾಣಲೆಯನ್ನು ಎತ್ತಿಯೇಬಿಟ್ಟಳು. ಅದು ಗಂಡಸರು ಎತ್ತುವ ಭಾರ. ಅಪ್ಪ ಬಾಗಿಲಲ್ಲೇ ನಿಂತ.

"ಸುರಿದು ಮುಗಿಸು. ಎಲ್ಲಿಗ್ ಹೋಗ್ತೀಯಾ, ನೋಡ್ತೀನಿ," ಎಂದ.

ಸುರಿದರೆ ಕೈ ಖಾಲಿ, ಖಾಲಿಯಾದರೆ ಏಟು. ಅಮ್ಮ ಸುರಿಯಲಿಲ್ಲ. ಬಾಣಲೆಯನ್ನು ಮತ್ತೆ ಒಲೆಗಿಟ್ಟು, ಹಿಡಿ ಮಾತ್ರ ಬಿಡದೆ, ಕೆಲಸ ಇನ್ನೂ ಇದೆ ಎಂದು ತೋರಿಸಲು ಒಂದು ಕೈಯಿಂದ ನಿಂಬೆ ಉಪ್ಪು ಎತ್ತಿ ಕುದಿಯುವ ಪಾಕಕ್ಕೆ ಹಾಕಿದಳು. ಮತ್ತೆ ಹಾಕಿದಳು. ಮೂಲೆಯಲ್ಲಿ ಅಜ್ಜ ತಲೆ ಚಚ್ಚಿಕೊಂಡ. ಬಾಣಲೆ ಹಿಡಿದವಳನ್ನು ಗದರುವ ಹಾಗಿಲ್ಲವಲ್ಲ! ಹುಳಿ ಹಾಕಬೇಕಾದ್ದು ಪಾಕ ಇಳಿಸಿ ಗುಳ್ಳೆ ಅಡಗಿದ ಮೇಲೆ. ಉರಿಯ ಮೇಲೆ ಹಾಕಿದರೆ ಸಕ್ಕರೆ ಗಟ್ಟಿಯಾಗುವ ಬುದ್ಧಿಯನ್ನೇ ಮರೆತುಬಿಡುತ್ತದೆ. ಕೊನೆಗೆ ತೋಳು ಸೋತು ಅಮ್ಮ ಕಲ್ಲಿನ ಮೇಲೆ ಸುರಿದದ್ದು ಆರಿದ ಮೇಲೂ ಗೋಂದಿನಂತೆ ಅಂಟುತ್ತಿತ್ತು. ಪಾಕ ಕೆಡಿಸಿದ್ದಕ್ಕೆ ಅವತ್ತು ಬೇರೆ ಏಟು ಬಿತ್ತು. ಅವಳ ಬಲಗಿವಿ ಮಂದವಾದದ್ದು ಆ ದಿನ.

ಮರುದಿನ ಊದಿದ ಕಣ್ಣಿನಲ್ಲೇ ಅಮ್ಮ ಆ ಅಂಟನ್ನು ಕತ್ತರಿಯಿಂದ ಗೋಲಿಯಷ್ಟಾಗಿ ಕತ್ತರಿಸಿದಳು. ಒಂದಕ್ಕೊಂದು ಅಂಟದಿರಲಿ ಎಂದು ಸಕ್ಕರೆ ಪುಡಿಯಲ್ಲಿ ಹೊರಳಿಸಿದಳು. ಪುಡಿ ಸಾಲದೆ ಅದಕ್ಕೆ ನಿಂಬೆ ಉಪ್ಪನ್ನೂ ಬೆರೆಸಿದಳು. ಅಲ್ಲಿಯವರೆಗೆ ನಮ್ಮ ಮಿಠಾಯಿಯ ಹುಳಿ ಒಳಗಿರುತ್ತಿತ್ತು, ಮೆಲ್ಲಗೆ ಗೊತ್ತಾಗುತ್ತಿತ್ತು. ಈಗ ಹುಳಿ ಹೊರಗೆ ಬಂದು ಬಾಗಿಲಲ್ಲೇ ಕಾದು ನಿಂತಿತು. ಶಾಲೆ ಬಿಟ್ಟ ಮಕ್ಕಳು ಒಂದೊಂದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕಾಲು ಬಡಿದರು, ಉಗುಳಿದವರು ಮತ್ತೆ ಎತ್ತಿ ಬಾಯಿಗೆ ಹಾಕಿಕೊಂಡರು. ಸಂಜೆಯೊಳಗೆ ಭರಣಿ ಬರಿದಾಯಿತು. ಕಣ್ಮುಚ್ಚಿ ಎಂದು ಹೆಸರಿಟ್ಟವರೂ ಆ ಮಕ್ಕಳೇ. "ನಾನೇ ಕಂಡುಹಿಡಿದದ್ದು" ಎಂದು ಅಪ್ಪ ಸಾಯುವವರೆಗೂ ಹೇಳಿಕೊಂಡ. ಒಂದು ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ.

ಅಲ್ಲಿಂದ ಬಾಣಲೆ ಅಮ್ಮನದಾಯಿತು. ಅಪ್ಪನ ಉಸಿರು ಬಿಸಿಯಾದದ್ದು ಗೊತ್ತಾದರೆ ಸಾಕು, ಅವಳು ಒಲೆ ಹಚ್ಚುತ್ತಿದ್ದಳು. ಪಾಕ ಎತ್ತುತ್ತಿದ್ದಳು, ಸುರಿಯುತ್ತಿದ್ದಳು, ಮತ್ತೆ ಎತ್ತುತ್ತಿದ್ದಳು. "ನಿಮ್ಮಮ್ಮನಂಥ ಕೆಲಸಗಾತಿ ಇಲ್ಲ" ಎಂದು ಬೀದಿಯೇ ಹೊಗಳಿತು. ನನಗೆ ನಡೆಯಲು ಬಂದಾಗಿನಿಂದ ನಾನೂ ಅಲ್ಲೇ, ಅವಳ ಕಾಲಿನ ಹಿಂದೆ. ಅವಳ ಸೊಂಟಕ್ಕೆ ಕಟ್ಟಿದ್ದ ಗೋಣಿ ಬಟ್ಟೆಯ ತುದಿ ಹಿಡಿದಿದ್ದರೆ ನನಗೂ ಏಟಿಲ್ಲ. ಅಪ್ಪ ದೂರ ನಿಂತು ಹಲ್ಲು ಕಡಿಯುತ್ತಿದ್ದ, ಅಷ್ಟೇ. ಆದರೆ ಯಾರೂ ದಿನವಿಡೀ ಬಾಣಲೆ ಹಿಡಿದಿರಲಾರರು. ಊಟಕ್ಕೆ ಕೂರಬೇಕು, ಮಲಗಬೇಕು. ಉಳಿದದ್ದನ್ನು ಹೇಳಲು ನನಗೆ ಮನಸ್ಸಿಲ್ಲ.

ಅಜ್ಜ ಸತ್ತ. ಅಪ್ಪನನ್ನು ಸಟ್ಟುಗದಿಂದ ಬಾರಿಸುವವರು ಇಲ್ಲವಾದರು. ಕಟ್ಟಳೆ ಮಾತ್ರ ಅಭ್ಯಾಸ ಬಲದಿಂದ ಉಳಿಯಿತು. ಅದು ಎಷ್ಟು ದಿನವೋ ಎಂದು ಅಮ್ಮನಿಗೂ ಭಯ, ನನಗೂ ಭಯ.

ನಾನು ಅಮ್ಮನ ಭುಜಕ್ಕೆ ಬಂದಿದ್ದ ವರ್ಷ ಅದು. ಮಧ್ಯಾಹ್ನ ಅಮ್ಮ ಮುಂದೆ ಗಿರಾಕಿಗಳಿಗೆ ಕಟ್ಟಿಕೊಡುತ್ತಿದ್ದಳು. ಒಳಗೆ ಪಾಕ ಕುದಿಯುತ್ತಿತ್ತು. ನಾನು ನಿಂಬೆ ಉಪ್ಪಿನ ಹೊಸ ಡಬ್ಬಿ ತೆರೆಯಲು ಹೋಗಿ ತೊಳೆದ ನೆಲದ ಮೇಲೆ ಪೂರ್ತಿ ಚೆಲ್ಲಿದೆ. ಪುಡಿ ನೀರಾಗಿ ಮೋರಿಗೆ ಹರಿಯಿತು. ಕೊಕ್ಕೆಯ ಹತ್ತಿರವಿದ್ದ ಅಪ್ಪ ತಿರುಗಿ ನೋಡಿದ. ಬೆಲ್ಟಿಗೆ ಕೈ ಹಾಕಿದ.

ನನಗೆ ಗೊತ್ತಿದ್ದದ್ದು ಒಂದೇ ಉಪಾಯ. ಓಡಿಹೋಗಿ, ಹಿಡಿಗೆ ಬಟ್ಟೆ ಸುತ್ತಿ ಬಾಣಲೆಯನ್ನು ಎತ್ತಿದೆ.

ಎತ್ತಿದ ಕೂಡಲೇ ತಿಳಿಯಿತು, ಇದು ನನ್ನಿಂದ ಆಗುವುದಲ್ಲ ಎಂದು. ಬಾಣಲೆ ಒಂದು ಕಡೆಗೆ ವಾಲಿತು. ಪಾಕ ಅಂಚಿಗೆ ಬಡಿದು ಒಂದು ಹನಿ ಪಾದದ ಮೇಲೆ ಬಿತ್ತು. ನಾನು ಕಿರುಚಿದೆ, ಆದರೆ ಬಿಡಲಿಲ್ಲ. ಬಿಟ್ಟರೆ ಪೂರ್ತಿ ಕಾಲ ಮೇಲೆಯೇ. ಅಪ್ಪ ನಿಂತ. ಆಮೇಲೆ ನಕ್ಕ.

"ಇಳಿಸೇ ಅದನ್ನ."

"ನೀನು ಹೊರಗ್ ಹೋಗು, ಇಳಿಸ್ತೀನಿ."

"ನಂಗೇ ಹೇಳ್ತೀಯಾ?" ಎಂದು ಒಂದು ಹೆಜ್ಜೆ ಮುಂದೆ ಬಂದ. ಇನ್ನೊಂದು ಹೆಜ್ಜೆ ಬಂದ.

ನನ್ನ ಕಿರುಚಾಟ ಕೇಳಿ ಅಮ್ಮ ಬಾಗಿಲಿಗೆ ಬಂದಿದ್ದಳು. ಬಾಣಲೆಯ ಹಿಂದೆ ನಿಂತ ನನ್ನನ್ನು ನೋಡಿದಳು. ಆಗ ಅವಳ ಮುಖದಲ್ಲಿ ನಾನು ಕಂಡದ್ದನ್ನು ಏನೆಂದು ಕರೆಯಲಿ? ಇಷ್ಟು ವರ್ಷ ಯಾವುದರ ಹಿಂದೆ ತಾನು ಅಡಗಿದ್ದಳೋ ಅದೇ ಮಗಳನ್ನು ಸುಡಲು ಹೊರಟಿತ್ತು. ಅವಳು ಕೂಗಲಿಲ್ಲ. ಸರ್ರನೆ ಬಂದಳು. ಎರಡೂ ಹಿಡಿ ನನ್ನ ಕೈಯಲ್ಲಿದ್ದವು. ಅವಳು ಬರಿ ಅಂಗೈಗಳಿಂದ ಬಾಣಲೆಯ ಹೊಟ್ಟೆಯನ್ನೇ ತಬ್ಬಿ ಹಿಡಿದಳು. ಚುಂಯ್ ಎಂದಿತು. ಸುಟ್ಟ ಚರ್ಮದ ವಾಸನೆ ಪಾಕದ ವಾಸನೆಯೊಂದಿಗೆ ಬೆರೆಯಿತು. ಒಂದು ಹನಿ ಚೆಲ್ಲದಂತೆ ಬಾಣಲೆಯನ್ನು ಕಲ್ಲುಹಾಸಿನ ಮೇಲಿಟ್ಟು, ಕೈ ಕಿತ್ತುಕೊಂಡಳು. ಅಂಗೈಯ ತೊಗಲು ತಾಮ್ರಕ್ಕೇ ಅಂಟಿ ಉಳಿಯಿತು.

"ನೀನೇ ಕಲಿಸಿದ್ದಾ ಇವಳಿಗೆ?" ಎಂದು ಅಪ್ಪ ಅಮ್ಮನ ಕೆನ್ನೆಗೆ ಬಾರಿಸಿದ.

ಅಮ್ಮ ಅಲ್ಲಾಡಲಿಲ್ಲ. ಅಪ್ಪ ಹೊಡೆದರೆ ಬೀಳುತ್ತಿದ್ದವಳು ಅವಳು, ಅವತ್ತು ಬೀಳಲಿಲ್ಲ. ಗೋಡೆಗೆ ಒರಗಿಸಿದ್ದ ಉದ್ದನೆಯ ಮರದ ಸಟ್ಟುಗವನ್ನು ತೆಗೆದುಕೊಂಡಳು. ಮೊದಲನೇ ಏಟು ಅವನ ಕಿವಿಯ ಮೇಲೆ ಬಿತ್ತು. ಅವನಿಗೆ ನೋವಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ಇನ್ನೊಂದಕ್ಕೆ ಹೆಗಲ ಮೂಳೆ ಒಣ ಕಟ್ಟಿಗೆಯಂತೆ ಮುರಿದ ಸದ್ದು ನನಗೆ ಕೇಳಿಸಿತು. ಅವನು ಕೊಕ್ಕೆಗೆ ಬಡಿದು ಕೆಳಗೆ ಬಿದ್ದ. ಅಮ್ಮ ನಿಲ್ಲಿಸಲಿಲ್ಲ. ಬೆನ್ನಿಗೆ, ಮೊಣಕಾಲಿಗೆ, ಅಡ್ಡ ಹಿಡಿದ ಮುಂಗೈಗೆ ಹೊಡೆದಳು. ಸಟ್ಟುಗಕ್ಕೆ ಅವಳ ಅಂಗೈಯ ರಕ್ತ ಮೆತ್ತಿ ಜಾರುತ್ತಿತ್ತು, ಬಿಗಿಯಾಗಿ ಹಿಡಿದು ಮತ್ತೆ ಹೊಡೆದಳು. "ಬಿಡೇ, ಸತ್ತೆ" ಎಂದು ಅಪ್ಪ ಕೂಗಿದ. ಆ ಮಾತನ್ನು ಅಮ್ಮನ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೆ! ನನಗೆ ಸಂತೋಷವಾಯಿತು. ಯಾರು ಏನಾದರೂ ಅನ್ನಲಿ, ಆಯಿತು.

ಈ ಸಲ ಗೋಡೆಯಾಚೆ ಹೊಲಿಗೆ ಯಂತ್ರ ನಿಂತದ್ದು ಮತ್ತೆ ಓಡಲಿಲ್ಲ. ದರ್ಜಿ ಕುತ್ತಿಗೆಗೆ ಅಳತೆ ಪಟ್ಟಿ ಹಾಕಿಕೊಂಡೇ ಓಡಿಬಂದ.

"ಅಯ್ಯೋ, ಏನಮ್ಮಾ ಇದು! ಗಂಡಂಗೆ ಹೀಗ್ ಹೊಡೀತಾರಾ ಯಾರಾದ್ರೂ?"

ಅಮ್ಮ ಏದುಸಿರು ಬಿಡುತ್ತಾ ಅವನತ್ತ ತಿರುಗಿದಳು. "ಇಷ್ಟು ವರ್ಷ ಗೋಡೆ ಪಕ್ಕದಲ್ಲೇ ಹೊಲೀತಾ ಕೂತಿದ್ರಲ್ಲ ಅಣ್ಣಾ, ಈಗ್ಲೂ ಹೋಗಿ ಹೊಲೀರಿ."

ದರ್ಜಿ ಹೋದ. ಆದರೆ ಹೋಗುವಾಗ ಅಪ್ಪನನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋದ, ಅಷ್ಟು ಉಪಕಾರ ಮಾಡಿದ. ಮುರಿದ ಹೆಗಲು ಸರಿಯಾಗಿ ಕೂಡಲಿಲ್ಲ. ಪಾಕ ಎಳೆಯಲಾಗದ ಕೈಗೆ ಹೊಡೆಯಲೂ ಆಗದು. ಅಪ್ಪ ಅವನ ಅಕ್ಕನ ಮನೆ ಸೇರಿದ, ಅಲ್ಲೇ ಸತ್ತ. ಅಳಲು ಯಾರಾದರೂ ಇದ್ದಿರಬಹುದು. ನಾನಂತೂ ಇರಲಿಲ್ಲ.

ಅಮ್ಮನ ಅಂಗೈ ಮಾಯಿತು, ಆದರೆ ಬೆರಳು ಪೂರ್ತಿ ಚಾಚಲು ಬರಲಿಲ್ಲ. ಬಾಣಲೆಯ ಹಿಡಿ ಹಿಡಿಯಲು ಅವಳಿಗೆ ಇನ್ನು ಆಗುತ್ತಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಬಾಯಲ್ಲೇ ಹೇಳಿ ನನಗೆ ಕೆಲಸ ಕಲಿಸಿದಳು, ನಾನು ತಪ್ಪಿದಾಗ ಬಾಯಿ ತುಂಬಾ ಬೈದಳು. ಕೈ ಮಾತ್ರ ಒಮ್ಮೆಯೂ ಎತ್ತಲಿಲ್ಲ. ಆಮೇಲೆ ಬಹಳ ವರ್ಷ ಬದುಕಿದಳು, ಕಣ್ಮುಚ್ಚಿ ತಿನ್ನುವ ಮಕ್ಕಳ ಮುಖ ನೋಡಿ ಹೊಟ್ಟೆ ಹಿಡಿದು ನಗುತ್ತಾ ಬದುಕಿದಳು.

ಅವಳ ಕೈಯ ಗಾಯ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ ಪಟ್ಟಿ ಬದಲಿಸುತ್ತಿದ್ದವಳು ನಾನೇ. ಹಳೆಯ ಬಟ್ಟೆ ಬಿಚ್ಚುವಾಗ ಅವಳ ತೋಳು ನೋಡಿದೆ. ವರ್ಷಗಟ್ಟಲೆ ಬಾಣಲೆ ಎತ್ತಿ ಎತ್ತಿ ಅಪ್ಪನ ತೋಳಿಗಿಂತ ಗಟ್ಟಿಯಾಗಿತ್ತು ಅದು. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ಅಮ್ಮಾ, ಇಷ್ಟು ಶಕ್ತಿ ಇತ್ತಲ್ಲ ನಿಂಗೆ. ಮೊದಲೇ ಯಾಕೆ ಹೊಡೀಲಿಲ್ಲ?"

ಅಮ್ಮ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಈ ಪ್ರಶ್ನೆಯನ್ನು ಅವಳು ತನಗೇ ಯಾವತ್ತೂ ಕೇಳಿಕೊಂಡಿರಲಿಲ್ಲ ಎಂದು ಕಾಣುತ್ತದೆ.

"ಕೈ ಖಾಲಿ ಇರ್ಲಿಲ್ಲ ಕಣೇ," ಎಂದಳು.

ಹೇಳಿ ಅವಳೇ ನಕ್ಕಳು. ನಾನು ಪಟ್ಟಿ ಸುತ್ತುತ್ತಲೇ ಅತ್ತೆ.