ಹದಿನೆಂಟಕ್ಕೆ ಒಂದು ಕಡಿಮೆ

ವರ್ನಾ ಕುಚೆರಾ ಇಪ್ಪತ್ತಾರು ವರ್ಷ ಎಲ್ಡನ್‌ಬರೋ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಅಯೋವಾ ರಾಜ್ಯದ ಆ ಸಣ್ಣ ಊರಿನಲ್ಲಿ ನಲವತ್ತರೊಳಗಿನ ಯಾರನ್ನು ಕಂಡರೂ ಅವರು ಚಿಕ್ಕಂದಿನಲ್ಲಿ ತಟ್ಟೆಯಲ್ಲಿ ಏನು ಬಿಡುತ್ತಿದ್ದರೆಂದು ಹೇಳಬಲ್ಲಳು. ರಾಜಕೀಯ ಅವಳಿಗೆ ಬೇಕಾಗಿರಲಿಲ್ಲ. ಅದು ಮನೆಗೆ ಬಂದದ್ದು ಗಂಡ ಎಮಿಲ್‌ನ ಕೆಲಸ ಹೋದ ಮೇಲೆ.

ಎಮಿಲ್ ಊರಂಚಿನ ಹಂದಿಮಾಂಸದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕತ್ತಿ ಹಿಡಿದವನು. ಮುಚ್ಚುವುದಿಲ್ಲ, ಮುಚ್ಚುವುದಿಲ್ಲ ಎಂದು ಮ್ಯಾನೇಜರುಗಳು ಎರಡು ವರ್ಷ ಹೇಳುತ್ತಲೇ ಬಂದರು. ಆ ಮಾತು ನಂಬಿ ಎಮಿಲ್ ಬೇರೆ ಊರಲ್ಲಿ ಸಿಕ್ಕ ಕೆಲಸವನ್ನೂ ಬಿಟ್ಟ. ಏಪ್ರಿಲ್‌ನ ಒಂದು ಸೋಮವಾರ ಗೇಟಿಗೆ ಬೀಗ ಬಿದ್ದಿತ್ತು. ಆ ವರ್ಷದ ಕ್ರಿಸ್‌ಮಸ್‌ಗೆ ಮುಂಚೆ, ಅಂಗಳದ ಹಿಮ ಬಾಚುತ್ತಿದ್ದವನು ಕುಸಿದು ಬಿದ್ದು ಹೋಗಿಬಿಟ್ಟ.

ನೆರೆರಾಜ್ಯದ ಸೆನೆಟರ್ ಗಾರ್ಡನ್ ಆಲ್‌ಸ್ಟ್ರಮ್ ಊರಿಗೆ ಮೊದಲ ಸಲ ಬಂದದ್ದು ಅದಕ್ಕೆ ಎರಡು ತಿಂಗಳ ಹಿಂದೆ. ತಮ್ಮ ಪಕ್ಷದಿಂದ ದೇಶದ ಅಧ್ಯಕ್ಷ ಪದವಿಗೆ ನಿಲ್ಲುವ ಆಸೆ ಅವರಿಗೆ. ಕೆಫೆಯಲ್ಲಿ ಸೇರಿದ್ದು ಏಳೇ ಜನ. ಎಮಿಲ್ ಅರ್ಧ ಗಂಟೆ ಮಾತಾಡಿದ. ಸೆನೆಟರ್ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಎಮಿಲ್ ಸತ್ತಾಗ ಅವರಿಂದ ಸಾಂತ್ವನದ ಪತ್ರ ಬಂತು. ವರ್ನಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮುಂದಿನ ವರ್ಷ ಅವರ ಕಚೇರಿಯವರು ಫೋನ್ ಮಾಡಿ ಊರಲ್ಲಿ ನಮ್ಮ ಪರ ನಿಲ್ಲುತ್ತೀರಾ ಎಂದಾಗ ಒಪ್ಪಿಕೊಂಡಳು.

ಒಪ್ಪಿಕೊಂಡ ಮೇಲೆ ಗೊತ್ತಾಯಿತು ಅದೆಂಥ ಕೆಲಸವೆಂದು. ಆಲ್‌ಸ್ಟ್ರಮ್ ಮಧ್ಯದ ಮನುಷ್ಯ. ಕಾರ್ಮಿಕರು ಹೇಳೋದರಲ್ಲೂ ನ್ಯಾಯವಿದೆ, ಮಾಲೀಕರಿಗೂ ಕಷ್ಟವಿದೆ ಎನ್ನುವವರು. ಜನ ಸಿಟ್ಟಿನಿಂದ ಕುದಿಯುತ್ತಿದ್ದರು. ಅವರಿಗೆ ಬೆಂಕಿಯಂಥ ಮಾತು ಬೇಕಿತ್ತು. ಅಂಥ ಮಾತಾಡುವ, ಅದೇ ಪಕ್ಷದ ಇನ್ನೊಬ್ಬ ಉಮೇದುವಾರ, ಗವರ್ನರ್ ಡಾಲ್ಟನ್ ರೀವ್ಸ್, ಪರದೇಶದ ಮಾಲು ನಿಲ್ಲಿಸಿ ಮುಚ್ಚಿದ ಕಾರ್ಖಾನೆಗಳನ್ನೆಲ್ಲ ತೆರೆಸುತ್ತೇನೆ ಎಂದು ಗುಡುಗುತ್ತಿದ್ದ. ಊರಲ್ಲಿ ಅವನ ಕಡೆಯ ಮುಂದಾಳು ವರ್ನಾಳ ಸ್ವಂತ ತಮ್ಮ ಲೆನರ್ಡ್. ಅವನೂ ಅದೇ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವನೇ.

"ಅಕ್ಕಾ, ನಿನ್ನ ಸೆನೆಟರ್ ಬಾಗಿಲು ತೆಗಿಯೋದೂ ಇಲ್ಲ, ಹಾಕೋದೂ ಇಲ್ಲ. ಬರೀ ಚಳಿಗಾಳಿ ಒಳಗೆ ಬಿಡ್ತಾನೆ," ಎಂದು ಚರ್ಚಿನ ಮೆಟ್ಟಿಲ ಮೇಲೆ ಎಲ್ಲರಿಗೂ ಕೇಳುವ ಹಾಗೆ ನಗಾಡಿದ.

"ನಿನ್ನ ಗವರ್ನರ್ ಬಾಯಿ ಮುಚ್ಚೋದೇ ಇಲ್ವಲ್ಲೋ, ಅದಕ್ಕಿಂತ ವಾಸಿ ಬಿಡು," ಎಂದಳು ವರ್ನಾ.

ಪಕ್ಷದ ಉಮೇದುವಾರನನ್ನು ಊರವರು ಆರಿಸುವ ಸಭೆಗೆ ವಾರವಿದ್ದಾಗ ಆಲ್‌ಸ್ಟ್ರಮ್ ಮತ್ತೆ ಬಂದರು. ಅಗ್ನಿಶಾಮಕ ಠಾಣೆಯಲ್ಲಿ ನಲವತ್ತು ಜನ ಸೇರಿದ್ದರು. ಒಳಗೆ ಹೋಗುವ ಮುಂಚೆ ವರ್ನಾ ಅವರ ಕೋಟಿನ ತೋಳು ಹಿಡಿದು, "ಕಾರ್ಖಾನೆ ವಿಷಯ ಕೇಳೇ ಕೇಳ್ತಾರೆ. ಏನಾದ್ರೂ ಸ್ವಲ್ಪ ಭರವಸೆ ಕೊಡಿ ಸೆನೆಟರ್," ಎಂದು ಬೇಡಿಕೊಂಡಳು.

ಕೇಳಿದವನು ಲೆನರ್ಡ್. "ತೆರೆಸ್ತೀರೋ ಇಲ್ವೋ? ಒಂದೇ ಮಾತಲ್ಲಿ ಹೇಳಿ."

ಸೆನೆಟರ್ ಅವನತ್ತ ತಿರುಗಿದರು. "ಇಲ್ಲ. ಅದನ್ನ ಯಾರೂ ತೆರೆಸೋಕಾಗಲ್ಲ. ಒಳಗಿನ ಯಂತ್ರಗಳನ್ನ ಆಗಲೇ ಮಾರಿಬಿಟ್ಟಿದಾರೆ. ನಿಮಗೆ ಬೇರೆ ಕೆಲಸ ಕಲಿಸೋಕೆ ಏನು ಮಾಡಬಹುದೋ ಅದನ್ನ ಹೇಳ್ತೀನಿ, ಕೇಳಿ."

ಯಾರೂ ಕೇಳಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು, ಹಿಂದಿನ ಸಾಲು ಎದ್ದೇ ಹೋಯಿತು. ವರ್ನಾಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಆದರೂ ಕಾರಿನವರೆಗೆ ಬೀಳ್ಕೊಡಲು ಹೋದಳು. ಸೆನೆಟರ್ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ನಿಮ್ಮಂಥವರಿಂದಲೇ ನಡೀತಾ ಇದೆ ವರ್ನಾ. ಎಮಿಲ್‌ಗೆ ನಾನು ಕೇಳಿದೆ ಅಂತ ಹೇಳಿ," ಎಂದರು.

ವರ್ನಾ ಕೈ ಬಿಡಿಸಿಕೊಂಡಳು. "ಹೇಳ್ತೀನಿ," ಎಂದಳು.

ಮನೆಗೆ ಬಂದು ಕೋಟನ್ನೂ ತೆಗೆಯದೆ ಫ್ರಿಜ್ಜಿನ ಮುಂದೆ ನಿಂತಳು. ಪತ್ರದ ಕೆಳಗಿನ ಸಹಿ ತೀರಾ ಒಪ್ಪವಾಗಿತ್ತು, ಅಚ್ಚು ಹಾಕಿದ ಹಾಗೆ. ಇಷ್ಟು ದಿನ ಅದು ಕಣ್ಣಿಗೆ ಬಿದ್ದಿರಲಿಲ್ಲ. ಮರುದಿನ ಕೆಲಸ ಮುಗಿಸಿ, ಏನು ಮಾಡಲೆಂದು ತೋಚದೆ, ಮತ್ತೆ ಮತದಾರರ ಪಟ್ಟಿ ಹಿಡಿದು ಮನೆಮನೆ ಬಾಗಿಲು ತಟ್ಟಿದಳು. ಎಮಿಲ್ ಸತ್ತದ್ದನ್ನೇ ಆ ಮನುಷ್ಯ ಮರೆತಿದ್ದ. ಕಾರ್ಖಾನೆಯ ಬಗ್ಗೆ ಮಾತ್ರ ಸುಳ್ಳು ಹೇಳಿರಲಿಲ್ಲ. ಎಮಿಲ್‌ಗೆ ಅಷ್ಟು ನಿಜವನ್ನು ಹೊತ್ತಿಗೆ ಸರಿಯಾಗಿ ಯಾರಾದರೂ ಹೇಳಿದ್ದರೆ ಅವನು ಬೇರೆ ಊರಿಗೆ ಹೋಗುತ್ತಿದ್ದ. ಇದನ್ನು ಅವಳು ಯಾರ ಬಳಿಯೂ ಆಡಲಿಲ್ಲ.

ಫೆಬ್ರವರಿಯ ಆ ಸೋಮವಾರ ಸಂಜೆ ಏಳಕ್ಕೆ ಸಭೆ, ಅವಳು ದಿನವೂ ಊಟ ಬಡಿಸುವ ಶಾಲೆಯ ಊಟದ ಹಾಲ್‌ನಲ್ಲೇ. ಅಲ್ಲಿ ಗುಟ್ಟಿನ ಮತವಿಲ್ಲ. ಅವರವರ ಉಮೇದುವಾರನ ಮೂಲೆಗೆ ಹೋಗಿ ಊರೆದುರಿಗೆ ನಿಲ್ಲಬೇಕು, ತಲೆ ಎಣಿಸುತ್ತಾರೆ. ಬಂದಿದ್ದವರು ನೂರಿಪ್ಪತ್ತು ಜನ. ಹದಿನೆಂಟಕ್ಕಿಂತ ಕಡಿಮೆಯಾದ ಗುಂಪು ಲೆಕ್ಕಕ್ಕಿಲ್ಲ. ಕರಗಿ ಬೇರೆ ಮೂಲೆಗೆ ಹೋಗಬೇಕು, ಇಲ್ಲವೇ ಮನೆಗೆ.

ವರ್ನಾಳಿಗೆ ಮಾತು ಕೊಟ್ಟಿದ್ದವರು ಇಪ್ಪತ್ತಮೂರು. ಅವಳ ಮೂಲೆಗೆ ಬಂದವರು ಹದಿನೈದು. ಲೆನರ್ಡ್‌ನ ಮೂಲೆಯಲ್ಲಿ ಐವತ್ತೆಂಟು.

ಜನ ಕೂಡಿಸಲು ಅರ್ಧ ಗಂಟೆ ಅವಕಾಶ. ಯಾರ ಕಡೆಗೂ ಸೇರದೆ ನಿಂತಿದ್ದ ಮುದುಕ ರೈತ ಆರ್ವಿಲ್ ಸ್ಟಾಂಗೆ ಕೋಲೂರಿಕೊಂಡು ಬಂದ. "ನಂಗೇನೂ ನಿನ್ನ ಸೆನೆಟರ್ ಇಷ್ಟ ಇಲ್ಲ. ನೀನೊಬ್ಬಳೇ ಓಡಾಡ್ತಿದ್ದೆ ನೋಡು, ಬಂದೆ," ಎಂದ. ಹದಿನಾರು. ಔಷಧಿ ಅಂಗಡಿಯವನ ಹೆಂಡತಿ ಬಂದಳು. ಹದಿನೇಳು.

ವರ್ನಾ ತಮ್ಮನ ಹತ್ತಿರ ಹೋದಳು. "ಲೆನ್ನಿ, ನಿನ್ನ ಹತ್ರ ಬೇಕಾದಷ್ಟು ಜನ ಇದಾರೆ. ಒಬ್ಬರನ್ನ ಕಳಿಸೋ."

"ನೀನೇ ಇಲ್ಲಿ ಬಾ ಅಕ್ಕ. ಅವನು ಎಮಿಲ್ ಭಾವನ ಹೊಟ್ಟೆ ಮೇಲೆ ಹೊಡೆದವರನ್ನೇ ಸಮಾಧಾನ ಮಾಡೋನು. ಅವನಿಗೆ ಒಂದು ತಲೆಯನ್ನೂ ಕೊಡಲ್ಲ."

ಅವನ ಪಕ್ಕದಲ್ಲೇ ಅವನ ಹೆಂಡತಿ ಜಾನಿಸ್ ನಿಂತಿದ್ದಳು. ಅಡುಗೆಮನೆಯಲ್ಲಿ ಹನ್ನೊಂದು ವರ್ಷದಿಂದ ವರ್ನಾಳ ಜೊತೆ ಕೆಲಸ ಮಾಡುವವಳು. ಮಾತು ಕೊಟ್ಟಿದ್ದ ಇಪ್ಪತ್ತಮೂರರಲ್ಲಿ ಒಬ್ಬಳು. ವರ್ನಾ ಅವಳನ್ನೇ ನೋಡಿದಳು. ಜಾನಿಸ್ ಒಂದು ಹೆಜ್ಜೆ ಮುಂದೆ ಇಟ್ಟಳು. ಲೆನರ್ಡ್ ಅವಳತ್ತ ಮುಖ ತಿರುಗಿಸಿದ, ಅಷ್ಟೇ. ಜಾನಿಸ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಲ್ಲೇ ನಿಂತಳು.

ಅಧ್ಯಕ್ಷತೆ ವಹಿಸಿದ್ದ ಮಾಸ್ತರು ಹೊತ್ತಾಯಿತೆಂದರು. ಎಲ್ಡನ್‌ಬರೋದಿಂದ ಮೇಲಕ್ಕೆ ಹೋದ ಕಾಗದದಲ್ಲಿ ಆಲ್‌ಸ್ಟ್ರಮ್ ಹೆಸರಿನ ಮುಂದೆ ಸೊನ್ನೆ ಬರೆದಿತ್ತು. ಆ ಹದಿನೇಳು ಜನರಲ್ಲಿ ಒಂಬತ್ತು ಜನ ಬೇರೆ ಮೂಲೆಗಳಿಗೆ ಚದುರಿದರು. ವರ್ನಾ ಯಾರ ಕಡೆಗೂ ಹೋಗಲಿಲ್ಲ. ಆರ್ವಿಲ್‌ನ ತೋಳು ಹಿಡಿದು ಹಿಮದ ಮೇಲೆ ಅವನ ಟ್ರಕ್ಕಿನವರೆಗೆ ನಡೆಸಿ, ತಾನೊಬ್ಬಳೇ ಮನೆಗೆ ಹೋದಳು.

ಎಂಟು ದಿನದ ಮೇಲೆ ಆಲ್‌ಸ್ಟ್ರಮ್ ಕಣದಿಂದ ಹಿಂದೆ ಸರಿದರು. ಶಾಲೆಯ ಅಡುಗೆಮನೆಯ ರೇಡಿಯೋದಲ್ಲಿ ಸುದ್ದಿ ಬಂದಾಗ ವರ್ನಾ ಮತ್ತು ಜಾನಿಸ್ ದಾಲ್ಚಿನ್ನಿ ರೋಲಿನ ಹಿಟ್ಟು ಸುತ್ತುತ್ತಿದ್ದರು. ವರದಿಗಾರ ನಾಲ್ಕು ವಾಕ್ಯ ಹೇಳಿ ಹಂದಿಯ ಮಾರುಕಟ್ಟೆ ದರಕ್ಕೆ ಹೋದ.

"ನಾನು ಬರಬೇಕಿತ್ತು," ಎಂದಳು ಜಾನಿಸ್.

"ನೀನು ಬಂದಿದ್ರೂ ಅವರು ಸೋಲ್ತಾನೇ ಇದ್ರು."

"ಅವರ ವಿಷಯ ಅಲ್ಲ ನಾನು ಹೇಳಿದ್ದು."

"ಗೊತ್ತು," ಎನ್ನುತ್ತ ವರ್ನಾ ಹಿಟ್ಟಿನ ಮೇಲೆ ಸಕ್ಕರೆ ಉದುರಿಸಿದಳು. ಆ ಮೇಲೆ ಆ ಮಾತು ಅವರಿಬ್ಬರ ನಡುವೆ ಬರಲೇ ಇಲ್ಲ.

ರೀವ್ಸ್ ಕೂಡ ವಸಂತದ ಹೊತ್ತಿಗೆ ಸೋತು ಹಿಂದೆ ಸರಿದ. ಕಾರ್ಖಾನೆಯನ್ನು ಮರುವರ್ಷ ಕೆಡವಿದರು. ಲೆನರ್ಡ್ ಅರವತ್ತು ಮೈಲಿ ದೂರದಲ್ಲಿ ಪಶು ಆಹಾರದ ಲಾರಿ ಓಡಿಸುವ ಕೆಲಸ ಹಿಡಿದ. ಭಾನುವಾರಗಳಲ್ಲಿ ಅಕ್ಕನ ಮನೆಗೆ ಬಂದು ಕಾಫಿ ಕುಡಿದು, ಹವಾಮಾನದ ಮಾತಷ್ಟೇ ಆಡಿ ಹೋಗುತ್ತಿದ್ದ. ನಾಲ್ಕು ವರ್ಷಕ್ಕೆ ಮತ್ತೆ ಸಭೆ ಬಂದಾಗ ವರ್ನಾ ಶಾಲೆಯ ಹಾಲ್‌ನ ಬೀಗ ತೆಗೆದು, ಕುರ್ಚಿ ಜೋಡಿಸಿ, ಕಾಫಿ ಕಾಯಿಸಿಟ್ಟಳು. ಜನ ಬರತೊಡಗುವ ಹೊತ್ತಿಗೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.