ಕುರಿ ಇಲ್ಲದ ತಿಂಗಳ ಸಮೀಕ್ಷೆ

ಈ ಬೇಸಿಗೆಯಲ್ಲಿ ಬೀದರಿನ ಕಾಲೇಜೊಂದರಲ್ಲಿ ನಡೆದ ವಿದ್ಯಾರ್ಥಿಗಳ ಅಣಕು ವಿಶ್ವಸಂಸ್ಥೆಗೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಚರ್ಚೆಯ ವಿಷಯ ‘ಪ್ರಗತಿಯ ಕಾಣದ ಬೆಲೆ’. ಆಹ್ವಾನಪತ್ರದಲ್ಲಿ ಶನಿವಾರವೆಂದೂ ಕಾರ್ಯಕ್ರಮಪಟ್ಟಿಯಲ್ಲಿ ಭಾನುವಾರವೆಂದೂ ಇದ್ದುದರಿಂದ, ಭಾಲ್ಕಿಯ ಮನೆಯಿಂದ ಹೊರಡುವ ಮೊದಲು ಎರಡು ಸಲ ಫೋನು ಮಾಡಿ ಖಚಿತಪಡಿಸಿಕೊಂಡಿದ್ದೆ. ದಿನಾಂಕಗಳ ವಿಷಯದಲ್ಲಿ ನಾನು ಯಾರನ್ನೂ ನಂಬುವವನಲ್ಲ. ನನ್ನನ್ನು ಮಾತ್ರ ನಂಬಿದ್ದೆ.

ಕೋಟು ತೊಟ್ಟ ಮಕ್ಕಳು ಚೀಟಿಯಲ್ಲಿ ಬಂದ ದೇಶದ ಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. “ಏ ಬ್ರೆಜಿಲ್, ಸರಕೊಂಡು ಕೂಡ್ ಲೇ!” “ಫ್ರಾನ್ಸ್ ಎರಡ್ನೇ ಪ್ಲೇಟ್ ಸುಸಲಾ ತಿಂದಾನ್ರಿ ಸರ್!” ಕಟ್ಟುನಿಟ್ಟಿನ ನಿಯಮ ಒಂದೇ: ಯಾರೂ ‘ನಾನು’, ‘ನಮ್ಮೂರು’ ಎನ್ನುವಂತಿಲ್ಲ, ದೇಶದ ಪ್ರತಿನಿಧಿಯಾಗಿಯೇ ಮಾತನಾಡಬೇಕು.

ಬಂಜರು ನೆಲವನ್ನು ಸೌರ ವಿದ್ಯುತ್ತಿಗೆ ಕೊಡಬೇಕೆಂದು ಬ್ರೆಜಿಲ್ ವಾದಿಸಿದ. ಔರಾದ್ ತಾಲ್ಲೂಕಿನ ಒಂದು ಊರಿನಲ್ಲಿ ಗಾಯರಾಣದ, ಅಂದರೆ ಊರ ಗೋಮಾಳದ, ಅರ್ಧವನ್ನು ಹಾಗೆ ಕೊಟ್ಟಾಗಿದೆ, ಉಳಿದರ್ಧವನ್ನೂ ಕೊಡಬಹುದು ಎನ್ನುತ್ತ ಒಂದು ಹಳೆಯ ವರದಿಯನ್ನು ಎತ್ತಿ ಹಿಡಿದ. “ಇದರ ಪ್ರಕಾರ ಅಲ್ಲಿ ಒಂದು ಕುರಿಯೂ ಮೇಯುವುದಿಲ್ಲ.” ವರದಿ ನನ್ನದು; ಹಿಂದೊಮ್ಮೆ ಒಂದು ಸಂಸ್ಥೆಗಾಗಿ ಆ ಊರಿನ ಸಮೀಕ್ಷೆ ಮಾಡಿ ಬರೆದದ್ದು.

ಜಪಾನಿನ ಪ್ರತಿನಿಧಿಯಾಗಿದ್ದ ಹುಡುಗಿ ಎದ್ದು ನಿಂತಳು. “ಸುಳ್ಳದು. ಅದು ನಮ್ಮೂರ ಗಾಯರಾಣ. ಮಳಿಗಾಲಪೂರ್ತಿ ನಮ್ಮ ಕುರಿ ಅಲ್ಲೇ ಮೇಯ್ತಾವ.”

“ಜಪಾನಿನ್ಯಾಗ ಔರಾದ್ ಯಾವಾಗ ಬಂತವಾ?” ಎಂದು ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು.

ಲಿಖಿತ ಆಧಾರವಿದೆಯೇ, ಯಾವ ದಿನಾಂಕದ್ದು ಎಂದು ನಾನು ಕೇಳಿದೆ.

“ಇಲ್ರಿ ಸರ್. ನಮ್ಮ ಮುತ್ಯಾಗ ಗೊತ್ತದರಿ. ಉಳಿದದ್ದು ತಗೋಬ್ಯಾಡ್ರಿ ಅಂತ ತಕರಾರು ಕೊಡ್ಲಾಕ ಈ ಗುರುವಾರ ಕಡೀ ದಿನ.”

ಆಧಾರದ ಕಾಲಮಿನಲ್ಲಿ ಅವಳಿಗೆ ಸೊನ್ನೆ ಹಾಕಿದೆ.

ಊರಿಗೆ ಮರಳಿದರೂ ‘ಮಳೆಗಾಲ’ ಎಂಬ ಅವಳ ಮಾತು ಬಿಡಲಿಲ್ಲ. ವರದಿಯ ಮುಖಪುಟದಲ್ಲಿ ಶ್ರಾವಣವಿತ್ತು. ಆದರೆ ಅದು ಅಚ್ಚಾದ ತಿಂಗಳು. ಹಳೆಯ ಕ್ಷೇತ್ರಪುಸ್ತಕ ತೆರೆದರೆ, ಶಿವರಾತ್ರಿಯ ಮರುದಿನ ಸಮೀಕ್ಷೆ ಆರಂಭಿಸಿ ಯುಗಾದಿಗೆ ಮುನ್ನ ಮುಗಿಸಿದೆನೆಂದು ನನ್ನದೇ ಅಕ್ಷರದಲ್ಲಿತ್ತು. ಆ ವರ್ಷದ ಪಂಚಾಂಗ ನೋಡಿದೆ, ಪುಟಕ್ಕೆ ಅಂಟಿಸಿದ್ದ ಬಸ್ ಟಿಕೇಟು ನೋಡಿದೆ. ಮೂರೂ ತಾಳೆಯಾದವು. ತಾಳೆಯಾಗದಿರಲೆಂದು ನಾನು ಬಯಸಿದ್ದು ಜೀವನದಲ್ಲಿ ಅದೊಂದೇ ಸಲ. ಸಮೀಕ್ಷೆಯ ತಿಂಗಳನ್ನು ವರದಿಯ ಯಾವ ಪುಟದಲ್ಲೂ ನಾನು ನಮೂದಿಸಿರಲಿಲ್ಲ.

ಕಾಲೇಜಿನಿಂದ ವಿಳಾಸ ಪಡೆದು ಬುಧವಾರ ಹುಡುಗಿಯ ಊರಿಗೆ ಹೋದೆ. ಅವಳ ಮುತ್ಯಾ, ಅಂದರೆ ಅಜ್ಜ, ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು.

“ಶಿವರಾತ್ರಿಗಿ ಕುರಿ ಊರಾಗ ಎಲ್ಲಿರ್ತಾವ್ರಿ ಸಾಹೇಬ್ರ? ಕಡ್ಲಿ ರಾಶಿ ಆದ ಮ್ಯಾಲ ಹೊಡಕೊಂಡು ಮಾಂಜ್ರಾ ಹೊಳಿ ದಾಟಿ ಹೋಗ್ತೀವಿ. ಮಳಿ ಬಿದ್ದ ಮ್ಯಾಲೇ ಊರು. ಈಗೂ ಮಗ ಅಲ್ಲೇ ಅದಾನ. ನೀವು ಆಗ ಯಾರಿಗಿ ಕೇಳಿದ್ರಿ?”

“ಚಾವಡಿಯಲ್ಲಿದ್ದವರನ್ನು.”

“ಅಂದ್ರ ಕುರಿಯವರ್ನ ಬಿಟ್ಟು ಎಲ್ಲಾರ್ಗೂ ಕೇಳೀರಿ,” ಎಂದು ನಕ್ಕು ಮತ್ತೆ ಉಣ್ಣೆ ಹಿಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗುರುವಾರ ಹುಡುಗಿಯೊಂದಿಗೆ ತಹಶೀಲ್ದಾರ್ ಕಚೇರಿಗೆ ಹೋಗಿ, ಅವಳ ತಕರಾರು ಅರ್ಜಿಯ ಜೊತೆ ನನ್ನ ತಪ್ಪೊಪ್ಪಿಗೆಯನ್ನೂ ಕ್ಷೇತ್ರಪುಸ್ತಕದ ನಕಲನ್ನೂ ಕೊಟ್ಟೆ. ಗುಮಾಸ್ತರು ಮರ್ಯಾದೆಯಿಂದಲೇ ಓದಿದರು.

“ಅಚ್ಚಾದ ವರದಿಗಿ ಕೈಬರಹದ ತಿದ್ದುಪಡಿ ಹ್ಯಾಂಗ ಸೇರಸ್ಲಿ ಸರ್? ವರದಿ ತಂದ ಸಂಸ್ಥೆದು ಪತ್ರ ಬೇಕ್ರಿ.”

“ಆ ಸಂಸ್ಥೆ ಮುಚ್ಚಿದೆ.”

“ಹಂಗಾದ್ರ ಹಳೀದೇ ನಡೀತದರಿ.” ಆದರೂ ಅರ್ಜಿಯನ್ನು ಸ್ವೀಕರಿಸಿ ಮೊಹರು ಒತ್ತಿದರು. ಅದಕ್ಕಿಂತ ಹೆಚ್ಚೇನನ್ನೂ ಮಾಡಲು ಅವರಿಗೆ ಅಧಿಕಾರವಿರಲಿಲ್ಲ. ನಲವತ್ತು ಪುಟ ಬರೆಯಲು ನನಗಿದ್ದ ಅಧಿಕಾರ, ಒಂದು ಸಾಲು ತಿದ್ದಲು ಉಳಿದಿರಲಿಲ್ಲ.

ಹೊರಗೆ ಬಂದಾಗ ಹುಡುಗಿಯ ಫೋನು ರಿಂಗಾಯಿತು. ಅವಳ ತಂದೆ. ನಡೆದದ್ದನ್ನು ಹೇಳಿ ಫೋನನ್ನು ನನಗೆ ಕೊಟ್ಟಳು. ಧ್ವನಿಯ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

“ವ್ಯಾಪಾರಿ ನಾಳಿಗಿ ಬರ್ತಾನ್ರಿ ಸಾಹೇಬ್ರ. ಮಳಿಗಾಲಕ್ಕ ಕುರಿ ಊರಿಗಿ ತರ್ಲೋ, ಇಲ್ಲೇ ಮಾರ್ಲೋ?”

“ಕಚೇರಿಯ ತೀರ್ಮಾನ ಬರಬೇಕು.”

“ಕಚೇರಿದು ಬ್ಯಾಡ್ರಿ. ನೀವ್ ಹೇಳ್ರಿ. ಮೇವು ಇರ್ತದೋ ಇಲ್ಲೋ?”

“ಹಲೋ? ಹಲೋ?” ಎಂದು ಅವಳ ತಂದೆ ಕರೆಯುತ್ತಲೇ ಇದ್ದರು. ಹುಡುಗಿ ನನ್ನ ಮುಖ ನೋಡಿದಳು; ಮೆಲ್ಲಗೆ ಫೋನು ತೆಗೆದುಕೊಂಡಳು.

“ಅಪ್ಪಾ, ಅರ್ಧಾ ಮಾರು,” ಎಂದಳು. “ಮರಿ ಹಾಕಿದ್ವು ಇಟ್ಕೋ.”