ಮಂಗಳವಾರದ ದಾದರ್ ಬಂದ್

ನನ್ನ ಗಂಡ ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅಲ್ಲಿ ಅವರು ಕೌಂಟರಿನಿಂದ ಒಮ್ಮೆ ಕತ್ತೆತ್ತಿ ನೋಡಿದರೆ ಸಾಕು, ವೇಟರುಗಳ ಹರಟೆ ನಿಲ್ಲುತ್ತದಂತೆ. ಹೀಗೆಂದು ಹೇಳಿದವರು ಅವರೇ, ಬೇರೆ ಸಾಕ್ಷಿ ಇಲ್ಲ. ಭಾಂಡುಪಿನ ನಮ್ಮ ಮನೆಯಲ್ಲಿ ಏಳು ವರ್ಷದ ಮಗ "ಪಪ್ಪಾ" ಎಂದರೆ ಇವರೇ ಆರ್ಡರ್ ತೆಗೆದುಕೊಳ್ಳಲು ಬಂದು ನಿಲ್ಲುತ್ತಾರೆ.

ಪೂರ್ತಿ ತಪ್ಪು ಅವರದೂ ಅಲ್ಲ. ಮಕ್ಕಳು ಏಳುವ ಮೊದಲು ಹೊರಟು, ಮಲಗಿದ ಮೇಲೆ ಬರುವ ಮನುಷ್ಯ. ರಜೆ ಮಂಗಳವಾರ ಮಾತ್ರ. ಅಂದು ಮಧ್ಯಾಹ್ನ ಮಗ ಶಾಲೆಯಿಂದ ಬಂದು ಉಂಡೊಡನೆ ಅಪ್ಪ ಮಗ ಲೋಕಲ್ ಹತ್ತಿ ದಾದರಿಗೆ ಹೋಗುತ್ತಾರೆ. ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ರೈಲು ನೋಡಿ, ವಡಾಪಾವ್ ತಿಂದು ಬರುತ್ತಾರೆ. ಆರು ದಿನ ಗದರುವ ಕೆಲಸ ನನ್ನದು. ಏಳನೆಯ ದಿನ ಅದನ್ನೆಲ್ಲ ತೊಳೆದು ಹಾಕುವ ಕೆಲಸ ಅವರದು.

ನಮ್ಮಲ್ಲಿ ಸುಳ್ಳಿಗೆ ಒಂದೇ ಶಿಕ್ಷೆ: ಆ ವಾರದ ತಿರುಗಾಟ ಬಂದ್. ಕಳೆದ ತಿಂಗಳು ಹದಿನೈದು ವರ್ಷದ ಮಗಳು ಟ್ಯೂಶನ್ ಎಂದು ಹೇಳಿ ಮಾಲಿಗೆ ಹೋಗಿ ಸಿಕ್ಕಿಬಿದ್ದಳು. ಪ್ರಾಣಸ್ನೇಹಿತೆಯ ಬರ್ತ್‌ಡೇ ಪಾರ್ಟಿಗೆ ನಾನು ಕಳಿಸಲಿಲ್ಲ. ಅಂದಿನಿಂದ ನನ್ನೊಡನೆ ಅವಳ ಮಾತು "ಹ್ಞಾಂ", "ನಹೀ" ಎರಡಕ್ಕೇ ಇಳಿದಿತ್ತು. ಹರೆಯದ ಮುನಿಸು, ತಾನಾಗಿಯೇ ಹೋದೀತು ಎಂದು ಸುಮ್ಮನಿದ್ದೆ.

ಮೊನ್ನೆ ಮಂಗಳವಾರ ಅನ್ನಕ್ಕಿಡಲೆಂದು ಕುಚ್ಚಲಕ್ಕಿ ಡಬ್ಬದ ತಳಕ್ಕೆ ಕೈ ಹಾಕಿದರೆ ಮಗನ ಹೋಮ್‌ವರ್ಕ್ ಪುಸ್ತಕ ಸಿಕ್ಕಿತು. ಟೀಚರ್ ಅದನ್ನು ವಾಪಸ್ ಕೊಟ್ಟೇ ಇಲ್ಲ ಎಂದು ಮೂರು ದಿನದಿಂದ ಹೇಳುತ್ತಿದ್ದ. ಅಕ್ಕಿ ಒಂದು ದಿನ ಖಾಲಿಯಾಗುತ್ತದೆ ಎಂಬುದು ಮಹಾಶಯನಿಗೆ ಹೊಳೆದಿರಲಿಲ್ಲ. ಊಟ ಮುಗಿದ ಮೇಲೆ ನಗು ತಡೆದುಕೊಂಡು ಹೇಳಿದೆ, "ಇವತ್ತು ದಾದರ್ ಇಲ್ಲ."

ಇಸ್ತ್ರಿ ಅಂಗಿ ಹಾಕಿ ತಯಾರಾಗಿದ್ದ ಗಂಡನ ಮುಖ ಮಗನ ಮುಖಕ್ಕಿಂತ ಮೊದಲು ಬಾಡಿತು. "ಸಣ್ಣ ಮಗು ಮಾರಾಯ್ತಿ. ನನಗೆ ಇರುವುದು ಇದೊಂದೇ ದಿನ."

ಆ ಮಾತಿಗೆ ನಾನು ಕರಗಿದೆ. ಇದೊಂದು ಸಲ ಹೋಗಿ ಬನ್ನಿ ಎಂದೆ. ನಾನು ಮನಸ್ಸು ಬದಲಿಸುವ ಮೊದಲೇ ಇಬ್ಬರೂ ಮೆಟ್ಟಿಲಿಳಿದರು.

ಬಾಗಿಲು ಹಾಕಿ, ಊಟದ ಪಾತ್ರೆ ತೊಳೆದಿಟ್ಟು ತಿರುಗಿದರೆ ಮಗಳು ನಿಂತಿದ್ದಳು. "ಅವನ ಸುಳ್ಳು ಛೋಟಾ, ನನ್ನದು ಬಡಾ. ಅಲ್ವಾ ಮಮ್ಮಿ?"

ಸಿಟ್ಟಿನಿಂದ ಹೇಳಿದ್ದರೆ ನಾನೂ ಬೈದುಬಿಡುತ್ತಿದ್ದೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ನನಗೆ ನಾಚಿಕೆಯಾಯಿತು. ಗಂಡನಿಗೆ ಫೋನ್ ಮಾಡಿದೆ.

"ಪ್ಲಾಟ್‌ಫಾರ್ಮಿನಲ್ಲಿದ್ದೇವೆ. ಗಾಡಿ ಬರ್ತಾ ಉಂಟು," ಎಂದರು.

"ಹತ್ತಬೇಡಿ. ವಾಪಸ್ ಬನ್ನಿ."

ಗಾಡಿ ಬಂದು ನಿಂತು ಹೋದ ಸದ್ದು ಫೋನಿನಲ್ಲೇ ಕೇಳಿತು. ಆಮೇಲೆ, "ಆಯ್ತು," ಎಂದರು.

ಮಗ ಮೂರು ಮಹಡಿ ಅಳುತ್ತಲೇ ಹತ್ತಿದ. ಗಂಡ ಇಸ್ತ್ರಿ ಅಂಗಿ ಬಿಚ್ಚಿಟ್ಟು ಚಾಪೆ ಹಾಸಿ, ಅವನ ಪಕ್ಕ ಪುಸ್ತಕ ತೆರೆದು ಕೂತರು.

"ಪಪ್ಪಾ, ನಿಮಗೆ ಯಾಕೆ ಪನಿಶ್‌ಮೆಂಟ್?" ಮಗ ಬಿಕ್ಕುತ್ತಾ ಕೇಳಿದ.

"ಅಮ್ಮನ ಮಾತು ಮುರಿಯಲಿಕ್ಕೆ ಹೋದೆನಲ್ಲ, ಅದಕ್ಕೆ."

ಬಾಕಿ ಇದ್ದದ್ದು ಮರಾಠಿ ಹೋಮ್‌ವರ್ಕ್. ಇಪ್ಪತ್ತು ವರ್ಷ ಮುಂಬಯಿಯ ಗಿರಾಕಿಗಳನ್ನು ಸಂಭಾಳಿಸಿದ ಮ್ಯಾನೇಜರ್ ಎರಡನೆಯ ಕ್ಲಾಸಿನ ಮರಾಠಿಗೆ ಸೋತು ಮಗಳನ್ನು ಕರೆದರು. ಅವಳು ಬಂದು ಇಬ್ಬರಿಗೂ ಬೈಯುತ್ತಾ ಬರೆಸಿದಳು.

ಸಂಜೆ ನಾನು ಚಹಾ ಮಾಡುವಾಗ ಅಡುಗೆಮನೆಗೆ ಬಂದು ನಿಂತಳು. "ಮಮ್ಮಿ, ಆವತ್ತು ಪಾರ್ಟಿ ಹೋಯ್ತು ಅಂತ ನನಗೆ ಅಳು ಬಂದಿದ್ದಲ್ಲ. ಅವನಾಗಿದ್ರೆ ನೀನು ಬಿಡ್ತಿದ್ದೆ ಅಂತ ಬಂದಿದ್ದು."

ಸುಳ್ಳಿಗೆ ಶಿಕ್ಷೆ ಇಟ್ಟವಳು ನಾನೇ. "ಬಿಟ್ಟೇ ಬಿಟ್ಟಿದ್ದೆ ಮಗಾ," ಎಂದೆ, "ನೀನು ಕೇಳದಿದ್ದರೆ."

"ಪತಾ ಹೈ, ಗೊತ್ತು ನನಗೆ," ಎಂದು ನನ್ನ ಭುಜಕ್ಕೆ ಗಲ್ಲ ಊರಿದಳು. "ವಾಪಸ್ ಕರೆದೆ ಅಲ್ವಾ."